ಫ್ಲೋಟ್ ಟ್ಯೂಬ್‌ನಲ್ಲಿ ನ್ಯೂಪೋರ್ಟ್ ಬಂದರಿಗೆ ಇಳಿದೆ, ಇಳಿತ ಎಳೆದುಕೊಂಡು ಹೋಯಿತು. ಎಲ್ಲಿ ತಪ್ಪಿದೆ?

ಕೆರೆಯಿಂದ ಕಡಲಿಗೆ

ಎಲ್ಲರಿಗೂ ನಮಸ್ಕಾರ. ಮೂರು ವರ್ಷದಿಂದ ಇಲ್ಲಿನ ಸಿಹಿನೀರಿನ ಕೆರೆಗಳಲ್ಲಿ ಫ್ಲೋಟ್ ಟ್ಯೂಬ್ (ಗಾಳಿ ತುಂಬಿದ ತೇಲುವ ಆಸನ, ಪಾದಕ್ಕೆ ಫಿನ್ಸ್ ಅನ್ನುವ ರಬ್ಬರ್ ಹುಟ್ಟು ಹಾಕಿಕೊಂಡು ಕಾಲು ಹೊಡೆದು ಸಾಗುವುದು) ಮೇಲೆ ಕೂತು ಲಾರ್ಜ್‌ಮೌತ್ ಬಾಸ್ ಹಿಡಿಯುತ್ತಿದ್ದೇನೆ. ಉಪ್ಪುನೀರಿನ ಬಾಸ್ ಹಿಡಿಯಬೇಕು ಅಂತ ತುಂಬಾ ದಿನದಿಂದ ಆಸೆ ಇತ್ತು. ಹೋದ ಭಾನುವಾರ ಮೊದಲ ಸಲ ದಕ್ಷಿಣ ಕ್ಯಾಲಿಫೋರ್ನಿಯಾದ ನ್ಯೂಪೋರ್ಟ್ ಬಂದರಿಗೆ ಇಳಿದೆ.

ಬೆಳಿಗ್ಗೆ ಎಂಟಕ್ಕೆ ನೀರು ದಂಡೆಯ ಮೆಟ್ಟಿಲವರೆಗೆ ತುಂಬಿ ನಿಂತಿತ್ತು. ಕನ್ನಡಿ ಹಾಗೆ ಶಾಂತ. ದೋಣಿಕಟ್ಟೆಗಳ ಸಾಲಿನಲ್ಲಿ ಒಂದು ಸಣ್ಣ ಸ್ಪಾಟೆಡ್ ಬಾಸ್ ಸಿಕ್ಕಿತು, ಹತ್ತು ಇಂಚು ಇರಬಹುದು. ಖುಷಿಯಲ್ಲಿ ಮುಂದೆ ಮುಂದೆ ಹೋದೆ. ಹತ್ತೂವರೆ ಹೊತ್ತಿಗೆ ತಿರುಗಿ ಬರೋಣ ಅಂತ ಕಾಲು ಹೊಡೆಯಲು ಶುರು ಮಾಡಿದರೆ ಪಕ್ಕದ ಕಂಬ ಹಿಂದೆ ಸರಿಯಲೇ ಇಲ್ಲ! ಇಪ್ಪತ್ತು ನಿಮಿಷ ಹೊಡೆದೆ. ಅದೇ ಕಂಬ ಅಲ್ಲೇ ಇತ್ತು. ಮೀನಖಂಡ ಹಿಡಿದುಕೊಂಡಿತು. ಕೊನೆಗೆ ಒಂದು ಲಂಗರು ಬೋಯಿಯ ಹಗ್ಗ ಹಿಡಿದು ನಿಂತೆ. ನೀರು ಟ್ಯೂಬಿನ ಎರಡೂ ಪಕ್ಕ ಹೊಳೆಯ ಹಾಗೆ ಸದ್ದು ಮಾಡುತ್ತಾ ಹೋಗುತ್ತಿತ್ತು. ನಿಜವಾಗಿ ಹೆದರಿಕೆ ಆಯಿತು.

ಸ್ವಲ್ಪ ಸುಧಾರಿಸಿಕೊಂಡು ಹತ್ತಿರದ ದಂಡೆಗೆ ಅಡ್ಡ ಹೋಗಿ ಹತ್ತಿದೆ. ಟ್ಯೂಬ್ ಬೆನ್ನಿಗೆ ಹಾಕಿಕೊಂಡು ಕಾರಿನವರೆಗೆ ನಡೆದೆ. ಬಿಡುವ ಮನಸ್ಸಿಲ್ಲ. ಆದರೆ ಸರಿಯಾಗಿ ಕಲಿಯಬೇಕು. ಉಬ್ಬರ ಇಳಿತ ಹೇಗೆ ನೋಡಬೇಕು? ಮೀನು ಎಲ್ಲಿ ಹುಡುಕಬೇಕು?

ಹಳೇ ಫಿನ್ಸ್

ಮೊದಲು ಒಂದು ಮಾತು. ಕೊನೆಯಲ್ಲಿ ನೀವು ಮಾಡಿದ್ದೇ ಸರಿಯಾದ ಕೆಲಸ. ನೀರಿನ ಎದುರಿಗೆ ಹೋರಾಡಬಾರದು, ಅಡ್ಡ ಹೋಗಿ ಹತ್ತಿರದ ದಂಡೆ ಸೇರಬೇಕು. ಟ್ಯೂಬ್ ಹಗುರ, ಹೊತ್ತುಕೊಂಡು ನಡೆಯಬಹುದು. ಎಷ್ಟೋ ಜನ ಕಾರು ನಿಲ್ಲಿಸಿದ ಜಾಗಕ್ಕೇ ವಾಪಸ್ ತೇಲಬೇಕು ಅಂತ ಹಠ ಹಿಡಿದು ಸುಸ್ತಾಗುತ್ತಾರೆ.

ಈಗ ಉಬ್ಬರದ ವಿಷಯ. ಕೆರೆಯಿಂದ ಬಂದವರಿಗೆ ಹೊಸದು ಇದೇ ಅಲ್ವಾ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯವಾಗಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಆದರೆ ಎರಡೂ ಸಮ ಇರುವುದಿಲ್ಲ. ಒಂದು ದೊಡ್ಡದು, ಒಂದು ಚಿಕ್ಕದು. ಅಮಾವಾಸ್ಯೆ, ಹುಣ್ಣಿಮೆಯ ಸುತ್ತ ಏರಿಳಿತ ಜಾಸ್ತಿ. ನಡುವಿನ ಅರ್ಧಚಂದ್ರದ ದಿನಗಳಲ್ಲಿ ಕಡಿಮೆ. ಇನ್ನೊಂದು ವಿಷಯ ಇಲ್ಲಿಯವರಿಗೂ ಎಷ್ಟೋ ಜನಕ್ಕೆ ಗೊತ್ತಿಲ್ಲ. ಬೇಸಿಗೆಯಲ್ಲಿ ತೀರಾ ಕೆಳಗಿನ ಇಳಿತ ನಸುಕಿನಲ್ಲಿ ಬರುತ್ತದೆ. ಚಳಿಗಾಲದಲ್ಲಿ ಅದೇ ಮಧ್ಯಾಹ್ನ ಬರುತ್ತದೆ. ಅಂದರೆ ಚಳಿಗಾಲದ ಅಮಾವಾಸ್ಯೆಯ ಬೆಳಿಗ್ಗೆ ಎಂಟಕ್ಕೆ ನೀರು ತುಂಬಿ ನಿಂತಿದ್ದರೆ, ಮುಂದಿನ ಆರು ಗಂಟೆ ಅಷ್ಟೂ ನೀರು ಕಡಲಿಗೆ ಹೋಗಲೇಬೇಕು. ಹೋದ ಭಾನುವಾರ ಅಮಾವಾಸ್ಯೆಯ ಮರುದಿನ. ನೀವು ಇಳಿದದ್ದು ಸರಿಯಾಗಿ ಆ ಹೊತ್ತಿಗೆ.

ಹಳೆಯ ನಾವಿಕರ ಒಂದು ಅಂದಾಜು ಲೆಕ್ಕ ಇದೆ. ಇಳಿತದ ಆರು ಗಂಟೆಯನ್ನು ಆರು ಭಾಗ ಮಾಡಿ. ಮೊದಲ ಗಂಟೆಯಲ್ಲಿ ಒಟ್ಟು ನೀರಿನ ಹನ್ನೆರಡರಲ್ಲಿ ಒಂದು ಪಾಲು ಇಳಿಯುತ್ತದೆ. ಎರಡನೇ ಗಂಟೆ ಎರಡು ಪಾಲು. ಮೂರು, ನಾಲ್ಕನೇ ಗಂಟೆಯಲ್ಲಿ ತಲಾ ಮೂರು ಪಾಲು. ಆಮೇಲೆ ಮತ್ತೆ ಎರಡು, ಒಂದು. ಅಂದರೆ ನಡುವಿನ ಎರಡೇ ಗಂಟೆಯಲ್ಲಿ ಅರ್ಧ ನೀರು ಹೊರಟು ಹೋಗುತ್ತದೆ. ನೀವು ಹತ್ತೂವರೆಗೆ ತಿರುಗಿದಿರಿ. ಅತಿ ಜೋರಿನ ಹೊತ್ತು ಅದು. ಎಂಟಕ್ಕೆ ಕನ್ನಡಿಯ ಹಾಗಿದ್ದ ನೀರು ನಿಮಗೆ ಏನೂ ಹೇಳಲಿಲ್ಲ, ಯಾಕೆಂದರೆ ಆಗ ಅದು ಸುಮ್ನೆ ನಿಂತಿತ್ತು.

ಹಾಗಾಗಿ ಹೋಗುವಾಗ ನೀರಿನ ಎದುರಿಗೆ ಹೋಗಿ, ಬರುವಾಗ ನೀರಿನ ಜೊತೆ ಬನ್ನಿ. ಕಾಲಿನಲ್ಲಿ ಶಕ್ತಿ ಇರುವಾಗ ಕಷ್ಟದ ಕಡೆ, ಸೋತಾಗ ಸುಲಭದ ಕಡೆ. ಇಳಿದ ತಕ್ಷಣ ಒಂದು ಪರೀಕ್ಷೆ ಮಾಡಿ. ಎರಡು ನಿಮಿಷ ಕಾಲು ಆಡಿಸದೆ ಕೂರಿ. ಹತ್ತಿರದ ಒಂದು ಕಂಬ, ಅದರ ಹಿಂದೆ ದೂರದ ಒಂದು ಕಿಟಕಿ, ಎರಡನ್ನೂ ಒಂದೇ ಗೆರೆಯಲ್ಲಿ ಇಟ್ಟುಕೊಂಡು ನೋಡಿ. ಕಿಟಕಿ ಕಂಬದಿಂದ ಬಲಕ್ಕೆ ಸರಿದರೆ ನೀವೂ ಬಲಕ್ಕೆ ಹೋಗುತ್ತಿದ್ದೀರಿ ಅಂತ ಲೆಕ್ಕ. ಎಷ್ಟು ಬೇಗ ಸರಿಯುತ್ತದೆ ಅನ್ನುವುದು ನೀರಿನ ವೇಗ. ನಾನು ಅರ್ಧ ಗಂಟೆಗೆ ಒಂದು ಸಲ ಇದನ್ನು ಮಾಡುತ್ತೇನೆ, ಇವತ್ತಿಗೂ.

ಸೇತುವೆ ಕೆಳಗೆ, ದ್ವೀಪಕ್ಕೂ ದಂಡೆಗೂ ನಡುವಿನ ಕಿರಿದಾದ ಜಾಗದಲ್ಲಿ ಸೆಳೆತ ಜಾಸ್ತಿ. ದೋಣಿಕಟ್ಟೆಗಳ ಒಳಬದಿಯಲ್ಲಿ, ದಂಡೆಯ ಅಂಚಿನಲ್ಲಿ ಕಡಿಮೆ. ಸೋತರೆ ಅಂಚು ಹಿಡಿದು ಬನ್ನಿ.

ಮುಂಜಾನೆ ಮಂಜು

ಅಣ್ಣ ಹೇಳಿದ್ದು ಅಕ್ಷರಕ್ಷರ ನಿಜ. ಒಂದೇ ಒಂದು ಸೇರಿಸುತ್ತೇನೆ. ಫಿನ್ಸ್ ಹೊಡೆದರೆ ನಾವು ಹಿಂದಕ್ಕೆ ಹೋಗುತ್ತೇವೆ. ಅಂದರೆ ಹೋಗುವ ಕಡೆ ನಮ್ಮ ಬೆನ್ನು. ಹತ್ತು ಸಲ ಕಾಲು ಹೊಡೆದರೆ ಒಂದು ಸಲ ಕತ್ತು ತಿರುಗಿಸಿ ನೋಡಬೇಕು. ಕೆರೆಯಲ್ಲಿ ಈ ಅಭ್ಯಾಸ ಯಾರಿಗೂ ಇರುವುದಿಲ್ಲ.

ಲಾಂಗ್‌ಬೀಚ್ ಗಾಳ

ನನ್ನದು ಸ್ವಲ್ಪ ಭಿನ್ನ ಅಭಿಪ್ರಾಯ. ಅರ್ಧಚಂದ್ರದ ದಿನ ಸೆಳೆತ ಕಡಿಮೆ, ಒಪ್ಪಿದೆ. ಆದರೆ ಮೀನೂ ಮಂಕಾಗಿರುತ್ತದೆ. ನೀರು ಹರಿಯುವಾಗಲೇ ಏಡಿ, ಸೀಗಡಿ, ಸಣ್ಣ ಮೀನು ಎಲ್ಲ ಕದಲುವುದು, ಬಾಸ್ ಬಾಯಿ ತೆರೆಯುವುದು. ನನಗೆ ಒಳ್ಳೆಯ ಮೀನು ಸಿಕ್ಕಿದ್ದೆಲ್ಲ ಹರಿವು ಇದ್ದ ದಿನಗಳಲ್ಲೇ. ಹರಿವಿಗೆ ಹೆದರಿ ದೂರ ಇರುವುದು ಬೇಡ. ಎಲ್ಲಿ ನಿಲ್ಲಬೇಕು ಅಂತ ಕಲಿಯಬೇಕು.

ಹಳೇ ಫಿನ್ಸ್

ನಿಜ, ಮೀನಿನ ಮಟ್ಟಿಗೆ ನಿಮ್ಮ ಮಾತೇ ಸರಿ. ಆದರೆ ಅವರು ಎರಡನೇ ಸಲ ಇಳಿಯುವವರು. ಮೊದಲು ಜಾಗ ಪರಿಚಯ ಆಗಲಿ. ಹರಿವು ಎಲ್ಲಿ ಹೇಗೆ ತಿರುಗುತ್ತದೆ ಅಂತ ಕಣ್ಣಲ್ಲಿ ಕೂತ ಮೇಲೆ ದೊಡ್ಡ ಉಬ್ಬರದ ದಿನ ಹೋಗಲಿ.

ಕಡಲಹುಲ್ಲು

ಮೀನಿನ ಬಗ್ಗೆ ಯಾರೂ ಬರೆದಿಲ್ಲ, ನಾನು ಬರೆಯುತ್ತೇನೆ. ನನಗೆ ತುಂಬಾ ಇಷ್ಟದ ವಿಷಯ ಇದು.

ಮೊದಲಿಗೆ, ಹೆಸರು ಬಾಸ್ ಅಂತ ಇದ್ದರೂ ಇವು ಕೆರೆಯ ಲಾರ್ಜ್‌ಮೌತ್‌ಗೆ ನೆಂಟರಲ್ಲ. ಲಾರ್ಜ್‌ಮೌತ್ ಸನ್‌ಫಿಶ್ ಕುಟುಂಬದ್ದು. ಇವು ಕಡಲ ಬಾಸ್‌ಗಳು, ಬೇರೆಯೇ ಮನೆತನ. ನಮ್ಮ ಬಂದರುಗಳಲ್ಲಿ ಮೂರು ಬಗೆ ಸಿಗುತ್ತವೆ. ಮೈತುಂಬಾ ದುಂಡು ಚುಕ್ಕಿ ಇರುವುದು ಸ್ಪಾಟೆಡ್ ಸ್ಯಾಂಡ್ ಬಾಸ್. ಇದು ಒಳಕೊಲ್ಲಿ, ಬಂದರು ಬಿಟ್ಟು ಜಾಸ್ತಿ ದೂರ ಹೋಗುವ ಮೀನಲ್ಲ. ನಮ್ಮ ಟ್ಯೂಬಿನವರ ಮುಖ್ಯ ಮೀನು ಇದೇ. ಮೈಮೇಲೆ ಮಂಕು ಅಡ್ಡಪಟ್ಟೆ ಇರುವುದು ಬಾರ್ಡ್ ಸ್ಯಾಂಡ್ ಬಾಸ್. ಬೆನ್ನಿನ ಹತ್ತಿರ ಬಿಳಿಚು ಚೌಕಗಳಿರುವುದು ಕ್ಯಾಲಿಕೊ, ಅದಕ್ಕೆ ಕೆಲ್ಪ್ ಬಾಸ್ ಅಂತಲೂ ಹೆಸರು. ಅದು ಬಂದರಿನ ಬಾಯಿಯ ಕಲ್ಲುಗಳ ಕಡೆ ಜಾಸ್ತಿ.

ಅನುಮಾನ ಬಂದರೆ ಬೆನ್ನಿನ ಮುಳ್ಳು ನೋಡಿ. ಸ್ಯಾಂಡ್ ಬಾಸ್‌ಗಳಿಗೆ ಮೂರನೇ ಮುಳ್ಳು ಎದ್ದು ಕಾಣುವಷ್ಟು ಉದ್ದ. ಕ್ಯಾಲಿಕೊಗೆ ಮೂರು, ನಾಲ್ಕು, ಐದನೇ ಮುಳ್ಳು ಹೆಚ್ಚುಕಡಿಮೆ ಒಂದೇ ಎತ್ತರ.

ಇನ್ನು ಜಾಗ. ಬಂದರಿನ ತಳದಲ್ಲಿ ಈಲ್‌ಗ್ರಾಸ್ ಅಂತ ಉದ್ದ ಎಲೆಯ ಹುಲ್ಲು ಬೆಳೆಯುತ್ತದೆ. ಅದು ಪಾಚಿ ಅಲ್ಲ, ಬೇರು, ಹೂವು ಎರಡೂ ಇರುವ ನಿಜವಾದ ಗಿಡ. ಅದರೊಳಗೆ ಮರಿಮೀನು, ಸೀಗಡಿ, ಏಡಿ ತುಂಬಿರುತ್ತವೆ. ಸ್ಪಾಟೆಡ್ ಬಾಸ್ ಹುಲ್ಲಿನ ಒಳಗೆ ಅಲೆದಾಡುವುದಕ್ಕಿಂತ ಅಂಚಿನಲ್ಲಿ ಕಾಯುತ್ತದೆ. ಹುಲ್ಲಿನ ನಡುವೆ ಮರಳಿನ ಬೋಳು ಜಾಗ ಇದ್ದರೆ ಅದರ ಸುತ್ತಲೂ ಇರುತ್ತದೆ. ಇಳಿತದ ಹೊತ್ತಿನಲ್ಲಿ ದಂಡೆಯ ಮೇಲಿಂದ ನೋಡಿದರೆ ಹುಲ್ಲು ಕಪ್ಪಾಗಿ, ಮರಳು ತಿಳಿಯಾಗಿ ಕಾಣುತ್ತದೆ. ಟ್ಯೂಬ್ ಮನೆಯಲ್ಲೇ ಬಿಟ್ಟು ಒಂದು ಮಧ್ಯಾಹ್ನ ಬರೀ ನಡೆದು ನೋಡಿ, ಫೋಟೊ ತೆಗೆದುಕೊಳ್ಳಿ. ಮುಂದಿನ ಆರು ತಿಂಗಳು ಅದು ಉಪಯೋಗಕ್ಕೆ ಬರುತ್ತದೆ.

ಮೂರೂವರೆ ಇಂಚಿನ ರಬ್ಬರ್ ಮೀನು, ಕಾಲು ಔನ್ಸಿನ ಸೀಸದ ತಲೆಯ ಗಾಳ, ಕಂದು ಅಥವಾ ಮಂಕು ಹಸಿರು ಬಣ್ಣ, ಇಷ್ಟು ಸಾಕು. ಹರಿವು ಜಾಸ್ತಿ ಇದ್ದರೆ ತಲೆ ಸ್ವಲ್ಪ ಭಾರ ಮಾಡಿ. ತಳಕ್ಕೆ ಮುಟ್ಟಿತು ಅಂತ ಕೈಗೆ ಗೊತ್ತಾಗಬೇಕು. ಚಳಿಗಾಲದಲ್ಲಿ ನೀರು ತಣ್ಣಗಿರುವುದರಿಂದ ನಿಮಗೆ ಅನ್ನಿಸಿದ್ದಕ್ಕಿಂತ ಅರ್ಧ ವೇಗದಲ್ಲಿ ಎಳೆಯಿರಿ. ಫಿನ್ಸ್ ಹುಲ್ಲಿಗೆ ತಾಗದ ಹಾಗೆ ಆಳದ ಕಡೆ ಕೂತು ದಂಡೆಯ ಕಡೆ ಎಸೆಯಿರಿ. ಕಿತ್ತುಹೋದ ಹುಲ್ಲು ಮತ್ತೆ ಬೆಳೆಯಲು ತುಂಬಾ ಕಾಲ ಬೇಕು. ಅದು ಹೋದರೆ ಮೀನೂ ಹೋಗುತ್ತದೆ.

ಕೆರೆಯಿಂದ ಕಡಲಿಗೆ

ಎಷ್ಟು ವಿವರ! ಎಲ್ಲರಿಗೂ ತುಂಬು ಮನಸ್ಸಿನ ಧನ್ಯವಾದ. ಪಿಸಿಎಚ್ (ಪೆಸಿಫಿಕ್ ಕೋಸ್ಟ್ ಹೈವೇ) ಸೇತುವೆ ದಾಟಿ ಮೇಲಿನ ಕೊಲ್ಲಿಗೆ ಹೋದರೆ ದೋಣಿಗಳೂ ಕಡಿಮೆ, ಜಾಗವೂ ಶಾಂತ ಅಂತ ಕಾಣುತ್ತದೆ. ಅಲ್ಲಿಗೆ ಹೋಗಬಹುದಾ?

ಲಾಂಗ್‌ಬೀಚ್ ಗಾಳ

ಬೇಡ! ಸೇತುವೆಯ ಮೇಲ್ಭಾಗದ ಅಪ್ಪರ್ ನ್ಯೂಪೋರ್ಟ್ ಬೇ 2012ರಿಂದ ಸಂರಕ್ಷಿತ ಕಡಲ ಪ್ರದೇಶ. ಅಲ್ಲಿ ದಂಡೆಯ ಮೇಲೆ ನಿಂತು ಗಾಳ ಹಾಕಿ ಮೀನು ಹಿಡಿಯಲು ಮಾತ್ರ ಅವಕಾಶ. ಟ್ಯೂಬ್, ಕಯಾಕ್, ದೋಣಿ ಯಾವುದರಿಂದಲೂ ಹಿಡಿಯುವಂತಿಲ್ಲ. ಹಿಡಿದು ಬಿಟ್ಟರೂ ತಪ್ಪೇ.

ಲೈಸೆನ್ಸ್ ಇದೆ ತಾನೆ? ಸಾರ್ವಜನಿಕ ಕಡಲಕಟ್ಟೆಯ ಮೇಲಿಂದ ಹಿಡಿಯುವವರಿಗೆ ಲೈಸೆನ್ಸ್ ಬೇಡ, ಆದರೆ ಟ್ಯೂಬಿಗೆ ಬೇಕೇ ಬೇಕು. ಕೆರೆಗೆ ತೆಗೆದುಕೊಂಡ ಲೈಸೆನ್ಸ್ ಒಂದೇ ಸಾಲದು. ಪಾಯಿಂಟ್ ಆರ್ಗ್ಯೆಲೊದಿಂದ ದಕ್ಷಿಣದ ಕಡಲಲ್ಲಿ ಓಷನ್ ಎನ್‌ಹಾನ್ಸ್‌ಮೆಂಟ್ ಅನ್ನುವ ಹೆಚ್ಚುವರಿ ಪರವಾನಗಿಯೂ ಜೊತೆಗೆ ಇರಬೇಕು.

ಇಟ್ಟುಕೊಳ್ಳುವ ಮೀನಿನ ಕನಿಷ್ಠ ಅಳತೆ 14 ಇಂಚು. ಮೂರು ಬಗೆಯ ಬಾಸ್ ಸೇರಿ ದಿನಕ್ಕೆ ಒಟ್ಟು ಐದು. 2013ಕ್ಕೆ ಮುಂಚೆ 12 ಇಂಚು, ಹತ್ತು ಮೀನು ಇತ್ತು. ಬಾರ್ಡ್ ಸ್ಯಾಂಡ್ ಬಾಸ್ ತುಂಬಾ ಕಡಿಮೆ ಆಗಿದೆ, ಅದರ ನಿಯಮ ಇನ್ನೂ ಬಿಗಿಯಾಗುತ್ತಿದೆ. ಇಳಿಯುವ ಮುಂಚೆ ರಾಜ್ಯದ ಮೀನು ಮತ್ತು ವನ್ಯಜೀವಿ ಇಲಾಖೆಯ ಈ ವರ್ಷದ ನಿಯಮ ಒಮ್ಮೆ ಓದಿಕೊಳ್ಳಿ.

ಮುಂಜಾನೆ ಮಂಜು

ನಾನು ಹಿಡಿದ ಮೀನನ್ನೆಲ್ಲ ನೀರಿಗೇ ಬಿಟ್ಟುಬಿಡುತ್ತೇನೆ. ತಿನ್ನುವವರು ಜಾಗ ನೋಡಿಕೊಳ್ಳಬೇಕು. ಸಾಂಟಾ ಮೋನಿಕಾ ಪಿಯರ್‌ನಿಂದ ಸೀಲ್ ಬೀಚ್ ಪಿಯರ್‌ವರೆಗೆ ಬಾರ್ಡ್ ಸ್ಯಾಂಡ್ ಬಾಸ್ ತಿನ್ನಲೇಬೇಡಿ ಅಂತ ರಾಜ್ಯದ ಎಚ್ಚರಿಕೆ ಇದೆ. ಹಿಂದಿನ ಕಾಲದಲ್ಲಿ ಕಡಲಿಗೆ ಬಿಟ್ಟ ಡಿಡಿಟಿ, ಪಿಸಿಬಿ ಅನ್ನುವ ವಿಷ ರಾಸಾಯನಿಕಗಳು ಇನ್ನೂ ತಳದ ಕೆಸರಿನಲ್ಲಿವೆ. ನ್ಯೂಪೋರ್ಟ್ ಅದರ ಹೊರಗೆ ಬರುತ್ತದೆ. ಆದರೂ ಎಷ್ಟು ತಿನ್ನಬಹುದು ಅನ್ನುವುದಕ್ಕೆ ಬೇರೆ ಸಲಹೆ ಇದೆ, ಓದಿಕೊಳ್ಳಿ.

ನಾನು ಬರೆಯಬೇಕು ಅಂದುಕೊಂಡಿದ್ದು ತೊರಕೆ ಮೀನಿನ ಬಗ್ಗೆ. ಇಲ್ಲಿ ಸ್ಟಿಂಗ್‌ರೇ ಅನ್ನುತ್ತಾರಲ್ಲ, ಅದು. ಬಂದರಿನ ಬೆಚ್ಚಗಿನ, ಮರಳಿನ, ಮೊಣಕಾಲುದ್ದದ ನೀರು ಅದಕ್ಕೆ ಬಲು ಇಷ್ಟ. ಟ್ಯೂಬಿಗೆ ಕೂರುವುದೂ ನಾವು ಅದೇ ಆಳದಲ್ಲಿ. ಎರಡು ವರ್ಷದ ಹಿಂದೆ ವಾಪಸ್ ಬಂದು ದಂಡೆ ಹತ್ತುವಾಗ ಫಿನ್ಸ್ ಬಿಚ್ಚಿ ಅವಸರದಲ್ಲಿ ಎರಡು ಹೆಜ್ಜೆ ಎತ್ತಿಟ್ಟೆ. ಪಾದದ ಪಕ್ಕ ಮೊಳೆ ಹೊಡೆದ ಹಾಗಾಯಿತು. ವೇಡರ್ ಅನ್ನುವ ನೀರು ಒಳಬರದ ಉಡುಪಿನ ದಪ್ಪ ಬಟ್ಟೆ ಅದನ್ನು ತಡೆಯಲೇ ಇಲ್ಲ. ಹತ್ತು ನಿಮಿಷದಲ್ಲಿ ನೋವು ಮೊಣಕಾಲಿಗೆ ಏರಿತು. ನಾನು ಎರಡು ಮಕ್ಕಳನ್ನು ಹೆತ್ತವಳು, ಆದರೂ ಆ ನೋವು ಮರೆಯಲಾಗುವುದಿಲ್ಲ.

ಬಿಸಿನೀರೇ ಮದ್ದು. ಸುಡದೆ ತಡೆಯಬಹುದಾದಷ್ಟು ಬಿಸಿ, ಸುಮಾರು 45 ಡಿಗ್ರಿ ಸೆಲ್ಸಿಯಸ್. ಒಂದೂವರೆ ಗಂಟೆ ಕಾಲದವರೆಗೂ ಕಾಲು ಅದರಲ್ಲಿ ಇಟ್ಟುಕೊಂಡರೆ ನೋವು ಇಳಿಯುತ್ತದೆ. ನೀರಿನ ಬಿಸಿಯನ್ನು ಇನ್ನೊಬ್ಬರ ಕೈಯಲ್ಲಿ ಮುಟ್ಟಿಸಿ ನೋಡಿ, ನೋವಿನಲ್ಲಿ ನಮಗೆ ಸುಟ್ಟರೂ ಗೊತ್ತಾಗುವುದಿಲ್ಲ. ಮುಳ್ಳಿನ ಚೂರು ಒಳಗೆ ಉಳಿದಿರಬಹುದು, ಹಾಗಾಗಿ ಡಾಕ್ಟರಿಗೆ ತೋರಿಸಲೇಬೇಕು. ಎದೆ, ಹೊಟ್ಟೆಗೆ ಚುಚ್ಚಿದರೆ ಅಥವಾ ಉಸಿರಾಟ ಕಷ್ಟವಾದರೆ ಕೂಡಲೇ ತುರ್ತು ಸಂಖ್ಯೆ 911ಕ್ಕೆ ಫೋನ್ ಮಾಡಿ. ನನ್ನ ಕಾರಿನಲ್ಲಿ ಈಗ ಯಾವಾಗಲೂ ಎರಡು ಲೀಟರ್ ಬಿಸಿನೀರಿನ ಫ್ಲಾಸ್ಕ್ ಇರುತ್ತದೆ, ತಣ್ಣೀರು ಬೆರೆಸಿ ಹದ ಮಾಡಿಕೊಳ್ಳಲು ಒಂದು ಬಕೆಟ್ ಕೂಡ.

ಹೆಜ್ಜೆ ಎತ್ತಬೇಡಿ. ಮರಳಿನ ಮೇಲೆ ಪಾದ ಎಳೆದುಕೊಂಡೇ ನಡೆಯಿರಿ. ಪಾದ ಪಕ್ಕಕ್ಕೆ ತಾಗಿದರೆ ತೊರಕೆ ತಾನಾಗಿ ಓಡಿಹೋಗುತ್ತದೆ. ಮೇಲೆ ತುಳಿದರೆ ಚುಚ್ಚುತ್ತದೆ. ಫಿನ್ಸ್ ಹಾಕಿಕೊಂಡಾಗ ಹೇಗೂ ಹಿಂದಕ್ಕೆ ನಡೆಯಬೇಕು, ಹಿಮ್ಮಡಿಯನ್ನು ಉಜ್ಜಿಕೊಂಡು ಹೋಗಿ.

ಬೋಟ್‌ಮನೆ

ನಾನು ಮೀನು ಹಿಡಿಯುವವನಲ್ಲ, ಹಾಯಿದೋಣಿಯವನು. ಆ ಕಡೆಯಿಂದ ಒಂದು ಮಾತು. ನೀವು ನಮಗೆ ಕಾಣುವುದಿಲ್ಲ. ಟ್ಯೂಬಿನಲ್ಲಿ ಕೂತವರ ತಲೆ, ಭುಜ ಮಾತ್ರ ನೀರಿನ ಮೇಲೆ. ಬೆಳಗಿನ ಬಿಸಿಲು ಎದುರಿಗಿದ್ದರೆ ಹೊಳೆಯುವ ನೀರಿನಲ್ಲಿ ಕಪ್ಪು ಚುಕ್ಕಿ ಅಷ್ಟೇ. ಬಂದರಿನಲ್ಲಿ ವೇಗದ ಮಿತಿ ಗಂಟೆಗೆ 5 ಮೈಲಿ, ಆದರೂ ದೋಣಿ ತಕ್ಷಣ ನಿಲ್ಲುವುದಿಲ್ಲ. ಹಾಯಿ ಬಿಚ್ಚಿದ್ದಾಗ ಮುಂದಿನ ಒಂದು ಪಕ್ಕ ಪೂರ್ತಿ ಮರೆ.

ದಯವಿಟ್ಟು ಕಿತ್ತಳೆ ಅಥವಾ ಹಳದಿ ಟೋಪಿ ಹಾಕಿ. ಟ್ಯೂಬಿನ ಹಿಂದೆ ಒಂದು ಕೋಲಿಗೆ ಬಾವುಟ ಕಟ್ಟಿ. ಲೈಫ್ ಜಾಕೆಟ್, ಸೀಟಿ ಮೈಮೇಲೇ ಇರಲಿ. ಮುಖ್ಯ ಕಾಲುವೆಯ ನಡುವೆ ನಿಲ್ಲಬೇಡಿ. ದಾಟಲೇಬೇಕಾದರೆ ಕಿರಿದಾದ ಕಡೆ, ನೇರವಾಗಿ, ಗಾಳ ಎತ್ತಿಕೊಂಡು ದಾಟಿ. ಮಧ್ಯಾಹ್ನ ಕಡಲ ಗಾಳಿ ಎದ್ದ ಮೇಲೆ ಹಾಯಿದೋಣಿಗಳು ಹೊರಬರುತ್ತವೆ. ಅಷ್ಟು ಹೊತ್ತಿಗೆ ನೀವು ದಂಡೆಯಲ್ಲಿದ್ದರೆ ಇಬ್ಬರಿಗೂ ಒಳ್ಳೆಯದು.

ಇನ್ನೊಂದು, ದೋಣಿಗಳ ಹಗ್ಗಕ್ಕೆ ಗಾಳ ಸಿಕ್ಕಿದರೆ ಲೈನ್ ಕತ್ತರಿಸಿ ಹೋಗಿಬಿಡಬೇಡಿ. ಹತ್ತಿರ ಹೋಗಿ ಬಿಡಿಸಿ. ಒಮ್ಮೆ ಕತ್ತಲಲ್ಲಿ ಹಗ್ಗ ಹಿಡಿದಾಗ ನನ್ನ ಅಂಗೈಗೆ ಗಾಳ ನಾಟಿತ್ತು.

ಹಳೇ ಫಿನ್ಸ್

ಈ ಮಾತು ನಮಗೆ ಬೇಕಿತ್ತು. ಧನ್ಯವಾದ ಸರ್.

ಕಡಲಹುಲ್ಲು

ಮಳೆ ಬಂದರೆ ಮೂರು ದಿನ ಇಳಿಯಬೇಡಿ. ಊರಿನ ಚರಂಡಿ ನೀರೆಲ್ಲ ಬಂದರಿಗೇ ಬರುತ್ತದೆ. ಮಳೆ ನಿಂತ ಮೇಲೆ 72 ಗಂಟೆ ನೀರಿನಿಂದ ದೂರ ಇರಿ ಅಂತ ಆರೋಗ್ಯ ಇಲಾಖೆಯೂ ಹೇಳುತ್ತದೆ.

ಲಾಂಗ್‌ಬೀಚ್ ಗಾಳ

ಕೆರೆಯ ಸಾಮಾನನ್ನೇ ತಂದಿದ್ದೀರಿ ಅಂದುಕೊಳ್ಳುತ್ತೇನೆ. ಸಾಕು, ಹೊಸದು ಬೇಡ. ಆದರೆ ಮನೆಗೆ ಹೋದ ದಿನವೇ ಸಿಹಿನೀರಿನಲ್ಲಿ ತೊಳೆಯಬೇಕು. ಜಿಪ್ ಅನ್ನು ತೆರೆದು ಮುಚ್ಚಿ ತೊಳೆಯಿರಿ, ಉಪ್ಪು ಮೊದಲು ಕೂರುವುದು ಅಲ್ಲೇ. ರೀಲಿಗೆ ಜೋರಾಗಿ ಪೈಪ್ ಹಿಡಿಯಬೇಡಿ, ಉಪ್ಪು ಒಳಗೆ ಹೋಗುತ್ತದೆ.

ಗಾಳಿ ಹಾಕುವುದರಲ್ಲೂ ಒಂದು ವಿಷಯ ಇದೆ. ಕಾರಿನ ಪಕ್ಕ ಬಿಸಿಲಲ್ಲಿ ಗಟ್ಟಿಯಾಗಿ ತುಂಬಿಸಿದ ಟ್ಯೂಬ್ ತಣ್ಣೀರಿಗೆ ಇಳಿದ ಮೇಲೆ ಮೆತ್ತಗಾಗುತ್ತದೆ. ಹತ್ತು ನಿಮಿಷ ಅಂಚಿನಲ್ಲೇ ತೇಲಿ, ಒತ್ತಿ ನೋಡಿ, ಬೇಕಾದರೆ ಇನ್ನಷ್ಟು ಹಾಕಿ. ವಾಪಸ್ ಬಂದು ದಂಡೆಯಲ್ಲಿ ಬಿಡುವಾಗ ಸ್ವಲ್ಪ ಗಾಳಿ ಬಿಟ್ಟುಬಿಡಿ. ಬಿಸಿಲಿಗೆ ಉಬ್ಬಿ ಹೊಲಿಗೆ ಬಿಟ್ಟುಕೊಂಡ ಟ್ಯೂಬ್ ನೋಡಿದ್ದೇನೆ.

ಗಾಳದ ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿ. ಮೀನಿಗೂ ಒಳ್ಳೆಯದು, ಟ್ಯೂಬಿಗೂ ಒಳ್ಳೆಯದು. ಮೀನನ್ನು ಮಡಿಲಿಗೆ ತರುವಾಗ ಬೆನ್ನಿನ ಮುಳ್ಳು ಟ್ಯೂಬಿಗೆ ತಾಗದಂತೆ ಕೆಳದವಡೆ ಹಿಡಿಯಿರಿ. ಕೆಂಪು ಕಂದು ಬಣ್ಣದ, ಮುಳ್ಳು ಮುಳ್ಳು ಮೈಯ ಮೀನು ಬಂದರೆ ಮಾತ್ರ ಕೈ ಹಾಕಲೇಬೇಡಿ. ಇಲ್ಲಿ ಆ ಮೀನನ್ನೇ ಸ್ಕಲ್ಪಿನ್ ಅನ್ನುತ್ತಾರೆ, ಮುಳ್ಳಲ್ಲಿ ವಿಷ ಇರುತ್ತದೆ. ಇಕ್ಕಳದಲ್ಲಿ ಬಿಡಿಸಿ.

ಕೆರೆಯಿಂದ ಕಡಲಿಗೆ

ಇವತ್ತು ಹೋಗಿ ಬಂದೆ. ಬರೆಯದೆ ನಿದ್ದೆ ಬರುವುದಿಲ್ಲ.

ಶನಿವಾರ ಮಧ್ಯಾಹ್ನ ಇಳಿತದಲ್ಲಿ ದಂಡೆ ಉದ್ದಕ್ಕೂ ನಡೆದು ಹುಲ್ಲಿನ ಫೋಟೊ ತೆಗೆದಿದ್ದೆ. ಇವತ್ತು ಅರ್ಧಚಂದ್ರದ ದಿನ, ಏರಿಳಿತ ಮೂರು ಅಡಿಯೂ ಇಲ್ಲ. ಏಳು ಗಂಟೆಯ ಸುಮಾರಿಗೆ ನೀರು ಕೆಳಗೆ, ಆಮೇಲೆ ಮೆಲ್ಲಗೆ ಏರಿಕೆ. ಏರಿಕೆ ಅಂದರೆ ಒಳಕ್ಕೆ ತಳ್ಳುತ್ತದೆ. ಹಾಗಾಗಿ ಮೊದಲು ಬಂದರಿನ ಬಾಯಿಯ ದಿಕ್ಕಿಗೆ ಹೊರಟೆ. ಹಿಮ್ಮಡಿ ಉಜ್ಜಿಕೊಂಡು ಇಳಿದೆ. ನಾಲ್ಕನೇ ಹೆಜ್ಜೆಗೆ ಪಕ್ಕದಲ್ಲಿ ಮರಳು ಕದಡಿ ತಟ್ಟೆಯಗಲದ ಏನೋ ಒಂದು ಹಾರಿ ಹೋಯಿತು. ಅಕ್ಕ, ನಿಮ್ಮನ್ನು ನೆನೆದೆ.

ಕಂಬ, ಕಿಟಕಿ ಎರಡನ್ನೂ ನೋಡಿದೆ. ಎರಡು ನಿಮಿಷದಲ್ಲಿ ಕಿಟಕಿ ಒಂದು ಬೆರಳಿನಷ್ಟು ಸರಿಯಿತು. ಅದನ್ನು ನೋಡಿದ ಮೇಲೆ ಮನಸ್ಸಿಗೆ ಧೈರ್ಯ ಬಂತು.

ಮೊದಲ ಒಂದು ಗಂಟೆ ಏನೂ ಇಲ್ಲ. ಲಾಂಗ್‌ಬೀಚ್ ಸರ್ ಹೇಳಿದ ಹಾಗೆ ಮೀನು ಮಂಕು. ಎಂಟೂವರೆ ಮೇಲೆ ನೀರು ಸ್ವಲ್ಪ ಕದಲಿತು. ಫೋಟೊದಲ್ಲಿದ್ದ ಮರಳಿನ ಬೋಳು ಜಾಗದ ಅಂಚಿಗೆ ಎಸೆದು, ತಳ ಮುಟ್ಟಿಸಿ, ತುಂಬಾ ನಿಧಾನ ಎಳೆದೆ. ಹುಲ್ಲಿಗೆ ಸಿಕ್ಕಿಕೊಂಡ ಹಾಗೆ ಭಾರವಾಯಿತು. ಬಿಡಿಸೋಣ ಅಂತ ರಾಡ್ ಎತ್ತಿದರೆ ಹುಲ್ಲು ತಲೆ ಒದರಿತು! ಟ್ಯೂಬನ್ನೇ ಅರ್ಧ ಸುತ್ತು ತಿರುಗಿಸಿ ಕಟ್ಟೆಯ ಕಂಬದ ಕಡೆ ಎಳೆಯಿತು. ಎರಡೂ ಕಾಲು ಹೊಡೆದು ಆಳಕ್ಕೆ ಹಿಂದೆ ಸರಿದೆ. ಕೆರೆಯಲ್ಲಿ ಇದರ ಎರಡು ಪಟ್ಟು ಮೀನೂ ಇಷ್ಟು ಎಳೆದಿರಲಿಲ್ಲ.

ಅಳತೆಪಟ್ಟಿಯಲ್ಲಿ 15 ಇಂಚು. ಮೈತುಂಬಾ ಚುಕ್ಕಿ, ಮೂರನೇ ಮುಳ್ಳು ಬಾವುಟದ ಕೋಲಿನ ಹಾಗೆ ಎದ್ದು ನಿಂತಿತ್ತು. ಕೈ ಒದ್ದೆ ಮಾಡಿಕೊಂಡು ಗಾಳ ಬಿಡಿಸಿ ನೀರಿನಲ್ಲಿ ಹಿಡಿದೆ. ಒಂದು ಕ್ಷಣ ಕಿವಿರು ಆಡಿಸಿತು. ಬಾಲದಿಂದ ಮುಖಕ್ಕೆ ನೀರು ಎರಚಿ ಹುಲ್ಲಿನೊಳಗೆ ಹೋಯಿತು. ಆಮೇಲೆ ಇನ್ನೂ ಮೂರು ಸಿಕ್ಕವು, ಎಲ್ಲ ಚಿಕ್ಕವು.

ಹತ್ತು ಗಂಟೆಗೆ ವಾಪಸ್ ಹೊರಟೆ. ಕಾಲು ಹೊಡೆಯುವ ಕೆಲಸವೇ ಹೆಚ್ಚು ಇರಲಿಲ್ಲ. ಉಬ್ಬರ ನನ್ನನ್ನು ಇಳಿದ ಜಾಗಕ್ಕೇ ತಂದು ಬಿಟ್ಟಿತು.

ಹಳೇ ಫಿನ್ಸ್

ಓದಿ ತುಂಬಾ ಖುಷಿ ಆಯಿತು. ಮುಂದಿನ ಹುಣ್ಣಿಮೆಗೆ ಮುಂಚೆ ಒಂದು ದಿನ ನಾನೂ ಬರುತ್ತೇನೆ. ಹರಿವು ಇರುವ ದಿನ ಕಟ್ಟೆಯ ಒಳಬದಿಯಲ್ಲಿ ಎಲ್ಲಿ ನಿಲ್ಲಬೇಕು ಅಂತ ನೀರಿನಲ್ಲೇ ತೋರಿಸುತ್ತೇನೆ. ಕಿತ್ತಳೆ ಟೋಪಿ ಹಾಕಿಕೊಂಡು ಬನ್ನಿ.